ಅತ್ತೆಯ ಬೆರಳು ಮತ್ತು ಕುದಿನೀರಿನ ನಲ್ಲಿ

ನಮ್ಮ ಮನೆಯಲ್ಲಿ ನೀರು ಕುದಿಯಿತೋ ಇಲ್ಲವೋ ಎಂದು ಹೇಳುವ ಅಧಿಕಾರ ಇದ್ದದ್ದು ನನ್ನ ಅತ್ತೆಯ ಬಲಗೈ ತೋರುಬೆರಳಿಗೆ. ಪಾತ್ರೆಯಲ್ಲಿ ನೀರು ತಕಪಕ ಕುಣಿಯುತ್ತಿರಲಿ, ಮುಚ್ಚಳ ಹಾರಿ ಕೆಳಗೆ ಬೀಳಲಿ, ಅತ್ತೆ ಬರಬೇಕು, ಕಣ್ಣು ಮುಚ್ಚಬೇಕು, ಬೆರಳನ್ನು ಚಕ್ಕನೆ ಅದ್ದಿ ತೆಗೆಯಬೇಕು, "ಆಯ್ತು, ಹಿಟ್ಟು ಹಾಕು" ಅನ್ನಬೇಕು. ಅಲ್ಲಿಯವರೆಗೆ ಮುದ್ದೆಯೂ ಇಲ್ಲ, ಟೀಯೂ ಇಲ್ಲ, ಸ್ನಾನವೂ ಇಲ್ಲ. ನನ್ನ ಗಂಡ ಎಷ್ಟೋ ಸಲ ಟವೆಲ್ ಸುತ್ತಿಕೊಂಡು ಬಚ್ಚಲುಮನೆಯ ಬಾಗಿಲಲ್ಲಿ ಬೆರಳಿಗಾಗಿ ಕಾದು ನಿಂತದ್ದನ್ನು ನೋಡಿದ್ದೇನೆ.

ಈ ಬೆರಳು ಸುಮ್ಮನೆ ಹಾಗಾದದ್ದಲ್ಲ. ರಾಮನಗರದ ನಮ್ಮ ಬೀದಿಯ ಕೊನೆಯಲ್ಲಿ ಪಕ್ಕದ ಮನೆಯವರ ರೇಷ್ಮೆ ಶೆಡ್ಡು ಇದೆ. ಅಲ್ಲಿ ಅತ್ತೆ ಮೂವತ್ತು ವರ್ಷ ಗೂಡಿನಿಂದ ನೂಲು ಬಿಚ್ಚಿದವರು. ರೇಷ್ಮೆಗೂಡನ್ನು ಕುದಿನೀರಿನಲ್ಲಿ ಬೇಯಿಸಿ ಎಳೆ ತೆಗೆಯಬೇಕು. ನೀರು ಸ್ವಲ್ಪ ತಣ್ಣಗಿದ್ದರೆ ಎಳೆ ಬರುವುದಿಲ್ಲ, ಹೆಚ್ಚು ಬಿಸಿಯಾದರೆ ಗೂಡು ಪಿತಪಿತ. ಶೆಡ್ಡಿನೊಳಗೆ ಹಬೆಯೋ ಹಬೆ, ನೀರು ಕಣ್ಣಿಗೆ ಕಾಣುತ್ತಿರಲಿಲ್ಲ, ಹಾಗಾಗಿ ಬೆರಳೇ ಗತಿ. ಅತ್ತೆಯ ಪಕ್ಕದ ತೊಟ್ಟಿಯಲ್ಲಿ ಕೂರುತ್ತಿದ್ದವರು ಆ ಮನೆಯ ಹಿರಿಯಾಕೆ. ಅವರನ್ನು ಇಡೀ ಬೀದಿ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತದೆ. ಇಬ್ಬರಲ್ಲಿ ಯಾರ ಬೆರಳು ಮೇಲು ಎಂಬ ಜಗಳ ಇಂದಿಗೂ ಮುಗಿದಿಲ್ಲ. ಆಮೇಲೆ ಖಾಲಾ ಮಗ ದೊಡ್ಡ ಮಿಷಿನ್ ತಂದು ಕೂರಿಸಿದ. ಅದರಲ್ಲಿ ಬಿಸಿ ಎಷ್ಟೆಂದು ನಂಬರು ಕಾಣುತ್ತದೆ, ಯಾರೂ ಬೆರಳು ಅದ್ದುವಂತಿಲ್ಲ. ಎರಡೂ ಬೆರಳುಗಳು ಒಂದೇ ದಿನ ಮನೆಗೆ ಬಂದವು. ಖಾಲಾರದ್ದು ಅವರ ಅಡುಗೆಮನೆಗೆ ಹೋಯಿತು, ಅತ್ತೆಯದು ನೇರ ನನ್ನ ತಲೆ ಮೇಲೆ ಬಂದು ಕೂತಿತು.

ನಾನು ಮರಳವಾಡಿ ಕಡೆಯವಳು. ನಾವು ಹುಳ ಸಾಕುವವರು. ಹಿಪ್ಪುನೇರಳೆ ಸೊಪ್ಪು ಹಾಕಿ, ಗೂಡು ಬಿಡಿಸಿ, ಮಾರ್ಕೆಟ್ಟಿಗೆ ಸುರಿದು ಮನೆಗೆ ಹೋಗುವವರು. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ, "ಎಸ್ರು ಆಗೈತಾ ನೋಡಮ್ಮಿ" ಎಂದರು. ಮುದ್ದೆಗೆ ಇಟ್ಟ ನೀರು ಕಾದಿದೆಯಾ ಅಂತ. ನಾನು ಬಗ್ಗಿ ನೋಡಿದೆ. "ಕಣ್ಣಲ್ಲಿ ಯಾರಾದ್ರೂ ನೀರು ನೋಡ್ತಾರಾ? ಬೆರಳಿಕ್ಕು" ಎಂದರು. ಹೊಸ ಸೊಸೆ, ವಿಧೇಯಳು, ಇಕ್ಕಿದೆ. ನಾನು ಕಿರುಚಿಕೊಂಡ ರಭಸಕ್ಕೆ ಬೀದಿಯವರೆಲ್ಲ ಬಾಗಿಲಿಗೆ ಬಂದರು. ಅತ್ತೆ ಅವರಿಗೆಲ್ಲ, "ಏನಿಲ್ಲ ಬುಡಿ, ಮರಳವಾಡಿಯೋರ ಬೆರಳು, ಬಲು ಮೆತ್ಗೆ" ಎಂದು ವಿವರಿಸಿ ಕಳಿಸಿದರು. ಇಪ್ಪತ್ತೆರಡು ವರ್ಷವಾಯಿತು, ಆ ಮಾತು ನನಗಿನ್ನೂ ಉರಿಯುತ್ತದೆ.

ಹೀಗಿರುವಾಗ ನನ್ನ ಗಂಡ ಕನಕಪುರದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿ ಬಂದರು. ಬಂದವರು ಊಟ ಹೇಗಿತ್ತು ಎಂದು ಹೇಳಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ.

"ಲೇ, ನಲ್ಲಿ ತಿರುಗಿಸಿದ್ರೆ ಕುದಿಯೋ ನೀರು ಬತ್ತದೆ ಕಣೇ! ಒಲೆ ಇಲ್ಲ, ಏನಿಲ್ಲ! ಹಿಂಗಂದ್ರೆ ಟೀ, ಹಂಗಂದ್ರೆ ಎಸ್ರು!"

ಇವರಿಗೆ ಮಾಗಡಿ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಲೋಕದಲ್ಲಿ ಯಾವ ಹೊಸ ಸಾಮಾನು ಬಂದರೂ ಮೊದಲು ನಮ್ಮ ಮನೆಯಲ್ಲೇ ಅದು ಕೆಡಬೇಕೆಂಬ ಹಟ ಇವರದು. ಮುದ್ದೆ ತಿರುವುವ ಮಿಷಿನ್ ತಂದಿದ್ದರು, ಅದರಲ್ಲೀಗ ಈರುಳ್ಳಿ ಇಡುತ್ತೇನೆ. ಚಪಾತಿ ಒತ್ತುವ ಮಿಷಿನ್ ತಂದಿದ್ದರು, ಅದು ಹಿತ್ತಲ ಬಾಗಿಲು ಹೊಡೆದುಕೊಳ್ಳದಂತೆ ತಡೆಯುತ್ತಿದೆ. ಆದರೂ ಈ ನಲ್ಲಿಯ ಮಾತು ಕೇಳಿದಾಗ ಇದೊಂದು ಸಲ ನನ್ನ ಗಂಡನಿಗೆ ದೇವರೇ ಬುದ್ಧಿ ಕೊಟ್ಟಿದ್ದಾನೆ ಅನ್ನಿಸಿತು. ನಲ್ಲಿಯಲ್ಲೇ ಕುದಿನೀರು ಬಂದರೆ ಬೆರಳಿಗೆ ಏನು ಕೆಲಸ? ನಾನು ಆ ಕ್ಷಣವೇ ನಲ್ಲಿಯ ಪಕ್ಷ ಸೇರಿಬಿಟ್ಟೆ.

ಅತ್ತೆ ಕೂತಲ್ಲಿಂದಲೇ, "ಕಾಯದೆ ಕಾಯೋ ನೀರು ನೀರೇನ್ಲಾ? ಅದ್ರ ಮುದ್ದೆ ತಿಂದ್ರೆ ಹೊಟ್ಟೆ ಒಳ್ಗೂ ನಲ್ಲಿ ತಿರುಗಿಸ್ದಂಗೆ ಆಯ್ತದೆ" ಎಂದರು.

"ಅವ್ವ, ತೊಂಬತ್ತೆಂಟು ಡಿಗ್ರಿ ಕಣವ್ವ!"

"ನನ್ ಬೆರಳ್ಗೆ ಡಿಗ್ರಿ ಯಾಕ್ಲಾ? ಓದ್ಸಿದ್ಯಾ ನೀನು?"

ಮನೆಯಲ್ಲಿ ಒಂದು ವಾರ ಇದೇ ಗಲಾಟೆ. ನಾನು ಸಾರಿಗೆ ಒಗ್ಗರಣೆ ಹಾಕುತ್ತಲೇ ಗಂಡನ ಪರ ಭಾಷಣ ಮಾಡುತ್ತಿದ್ದೆ. ಗ್ಯಾಸು ಉಳಿಯುತ್ತದೆ, ಹೊತ್ತು ಉಳಿಯುತ್ತದೆ ಎನ್ನುತ್ತಿದ್ದೆ. ಮರ್ಯಾದೆ ಉಳಿಯುತ್ತದೆ ಎಂಬುದನ್ನು ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ.

ಆಗ ನಡೆಯಿತು ನೋಡಿ ಆ ಬೆಳಗಿನ ಪ್ರಸಂಗ. ಎಸರಿಟ್ಟು ಒಲೆ ಹಚ್ಚಿ, ಹಾಲು ತರಲು ಬಾಗಿಲಿಗೆ ಹೋದೆ. ಹಾಲಿನವನ ಹತ್ತಿರ ಮಾತಾಡಿಕೊಂಡು ನಿಂತೆ, ಸುಳ್ಳು ಯಾಕೆ ಹೇಳಲಿ. ಒಳಗೆ ಬರುವಷ್ಟರಲ್ಲಿ ಅತ್ತೆ ಒಲೆಯ ಮುಂದೆ ನಿಂತಿದ್ದರು. ಕಣ್ಣು ಮುಚ್ಚಿದರು, ಬೆರಳು ಅದ್ದಿದರು, ತೆಗೆದರು. "ಆಯ್ತು, ಹಿಟ್ಟು ಹಾಕು." ಇಪ್ಪತ್ತೆರಡು ವರ್ಷದ ಅಭ್ಯಾಸ, ಹಿಂದೆ ಮುಂದೆ ನೋಡದೆ ರಾಗಿಹಿಟ್ಟು ಸುರಿದೆ. ಹಿಟ್ಟು ಸುಮ್ಮನೆ ತೇಲಿತು. ಬಗ್ಗಿ ನೋಡಿದರೆ ಒಲೆಯಲ್ಲಿ ಉರಿಯೇ ಇಲ್ಲ. ನಾನು ಹಾಲಿಗೆ ಹೋದಾಗಲೇ ಸಿಲಿಂಡರ್ ಖಾಲಿಯಾಗಿದೆ. ನೀರಿಗೆ ಕೈಯಿಟ್ಟೆ. ತಣ್ಣಗೆ, ಬಾವಿಯಿಂದ ಈಗ ಸೇದಿದ ಹಾಗೆ!

ನನಗೆ ಮೊದಲು ಆದದ್ದು ಸಂತೋಷ. ಒಳ್ಳೆಯವಳ ಹಾಗೆ ನಟಿಸುವುದಿಲ್ಲ. ಸಿಕ್ಕಿಬಿದ್ದರು! ತಿಂಗಳುಗಟ್ಟಲೆ ಮುದ್ದೆಯಲ್ಲಿ ಗಂಟು ಬಂದದ್ದು, ಟೀ ಬೆಚ್ಚಗೆ ಸಪ್ಪಗಿದ್ದದ್ದು, ಎಲ್ಲ ನನ್ನ ಕೈಗುಣ ಎಂದು ಬೈಸಿಕೊಂಡದ್ದು, ಒಂದೊಂದೇ ನೆನಪಾಯಿತು. ಗಂಡನನ್ನು ಕೂಗಲು ಬಾಯಿ ತೆರೆದೆ. ಅತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಒರೆಸಿ ನೋಡುವುದು, ಮತ್ತೆ ಒರೆಸುವುದು.

"ಗೊತ್ತಾಗ್ನಿಲ್ಲ ಕಣಮ್ಮಿ" ಎಂದರು. "ಒಸಿ ದಿನದಿಂದ ಗೊತ್ತಾಯ್ತಾನೇ ಇಲ್ಲ. ಬಿಸಿಯೂ ಒಂದೇ, ತಣ್ಣೀರೂ ಒಂದೇ."

ನಾನು ತೆರೆದ ಬಾಯಿ ಮುಚ್ಚಿದೆ.

"ಯಾರ್ಗೂ ಹೇಳ್ಬ್ಯಾಡ. ಪಕ್ಕದ್ಮನೆಯೋಳ್ಗಂತೂ ಸತ್ರೂ ಹೇಳ್ಬ್ಯಾಡ. ಮಿಷಿನ್ ಬಂದಾಗ ಶೆಡ್ಡಿಂದ ಮನೆಗೆ ಕಳುಸ್ಬುಟ್ರು. ಈಗ ಈ ನಲ್ಲಿ ಬಂದ್ರೆ, ಮನೆಯಿಂದ ನಾನ್ ಎಲ್ಲಿಗೋಗ್ಲಿ?"

ಅವರನ್ನು ಯಾರೂ ಎಲ್ಲಿಗೂ ಕಳಿಸುತ್ತಿರಲಿಲ್ಲ. ಆದರೆ ಬೆಳಗೆದ್ದು ಒಲೆಯ ಮುಂದೆ ಬಂದು ನಿಲ್ಲಲು ಅವರಿಗೆ ಒಂದು ಕಾರಣ ಬೇಕಿತ್ತು, ಇದ್ದದ್ದು ಅದೊಂದೇ. ಕಣ್ಣು ತೋರಿಸುವ ನೆಪ ಹೇಳಿ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆಗೆ ಬೆರಳು ಜೋಮು ಹಿಡಿದಿದೆ, ಮಾತ್ರೆ ತಗೊಳ್ಳಿ, ಬಿಸಿನೀರಿಗೆ ಮಾತ್ರ ಕೈ ಹಾಕಲೇಬೇಡಿ ಎಂದರು ಡಾಕ್ಟರು.

ಮಾರನೆಯ ದಿನದಿಂದ ನಮ್ಮ ಅಡುಗೆಮನೆಯಲ್ಲಿ ನಾಟಕ ಶುರುವಾಯಿತು. ನೀರು ಕುದಿದ ಮೇಲೆ ನಾನು ಸೌಟಿನಿಂದ ಕಟ್ಟೆಯನ್ನು ಎರಡು ಸಲ ಟಕ್ ಟಕ್ ಬಡಿಯಬೇಕು. ಆಗ ಅತ್ತೆ ಬಂದು, ಕಣ್ಣು ಮುಚ್ಚಿ, ನೀರಿನಿಂದ ಒಂದು ಗೇಣು ಮೇಲೆಯೇ ಬೆರಳಾಡಿಸಿ, "ಆಯ್ತು, ಹಿಟ್ಟು ಹಾಕು" ಅನ್ನಬೇಕು. ಮುದ್ದೆಯಲ್ಲಿ ಗಂಟು ಮಾಯ. "ನೋಡ್ದಾ, ಅವ್ವನ ಬೆರಳು ಮತ್ತೆ ಫಾರ್ಮಿಗೆ ಬಂದೈತೆ" ಎಂದು ಇವರು ಎರಡನೇ ಮುದ್ದೆಗೆ ತಟ್ಟೆ ಒಡ್ಡಿದರು. ಅತ್ತೆ ಬಾಗಿಲ ಕಡೆ ತಿರುಗಿ ಕೆಮ್ಮಿದರು.

ಹೀಗೆ ನಾನು ರಾತ್ರೋರಾತ್ರಿ ಪಕ್ಷಾಂತರ ಮಾಡಿದ್ದು ಗಂಡನಿಗೆ ಅರ್ಥವೇ ಆಗಲಿಲ್ಲ.

"ಹೋದ ವಾರ ನೀನೇ ತಾನೆ ಬೇಕು ಅಂದೋಳು?"

"ಕರೆಂಟ್ ಹೋದರೆ ಏನ್ರೀ ಮಾಡ್ತೀರಿ? ನಮ್ಮ ಬೋರ್ ನೀರಿಗೆ ಅದು ಎಷ್ಟು ದಿನ ಬಾಳುತ್ತೆ? ಕೊಳಾಯಿಯೆಲ್ಲ ಸುಣ್ಣ ಕಟ್ಟುತ್ತೆ!" ಎಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. "ಕಾಯದೆ ಕಾಯೋ ನೀರು ಒಂದು ನೀರಾ?" ಎಂದೂ ಸೇರಿಸಿದೆ. ಅತ್ತೆಯ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಗಾಬರಿಯಾಯಿತು.

ಆದರೆ ಇವರು ಆಗಲೇ ಡೀಲರ್ ಕಡೆಯವರಿಗೆ ಬರಹೇಳಿ ಆಗಿತ್ತು. ಭಾನುವಾರ ಒಬ್ಬರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಡಬ್ಬಿ ಹೊತ್ತುಕೊಂಡು ಬಂದರು. ಕಟ್ಟೆಯ ಮೇಲೆ ನಲ್ಲಿ ನಿಲ್ಲಿಸಿದರು, ನೀರು ತುಂಬಿದರು, ಪ್ಲಗ್ ಸಿಕ್ಕಿಸಿದರು. ವಿಷಯ ಹೇಗೋ ತಿಳಿದು ಖಾಲಾ ಕೂಡ ಬಂದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

"ಹಸಿರು ದೀಪ ಬರಬೇಕು ಸರ್, ಐದು ನಿಮಿಷ" ಎಂದರು ಆತ.

ನನ್ನ ಗಂಡನಿಗೆ ಐದು ನಿಮಿಷ ಕಾಯುವ ತಾಳ್ಮೆ ಎಲ್ಲಿದೆ? ಎರಡು ನಿಮಿಷಕ್ಕೇ, "ಸಾಕು ಬುಡಿ, ಹಬೆ ಬತ್ತಾ ಐತೆ" ಎಂದು ತಾವೇ ತಿರುಗಿಸಿಬಿಟ್ಟರು. ನೀರು ಬಂತು. ನಿಜವಾಗಿಯೂ ಹಬೆಯಾಡುತ್ತಿತ್ತು. ಗಂಡ ಎದೆಯುಬ್ಬಿಸಿ ಎಲ್ಲರನ್ನೂ ನೋಡಿದರು. ಆ ಎದೆ ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲಿ ಅತ್ತೆ, ಖಾಲಾ ಎದುರು ಡಾಕ್ಟರ ಮಾತನ್ನೂ ಮರೆತು, ಮುಂದೆ ಬಂದು ನೀರಿನ ಕೆಳಗೆ ಬೆರಳು ಹಿಡಿದರು.

"ಅಮ್ಮಾ! ಬೇಡಿ! ಕೈ ಬೆಂದುಹೋಗುತ್ತೆ!" ಆತ ಕೂಗಿದ ಕೂಗಿಗೆ ಹಿತ್ತಲ ಬೆಕ್ಕು ಗೋಡೆ ಹಾರಿತು. ನಮ್ಮವರು ಯಾರೂ ಅಲುಗಾಡಲಿಲ್ಲ. ಬೆರಳು ನೀರಿನಲ್ಲಿದ್ದಾಗ ಮಾತಾಡಬಾರದು ಎಂಬುದು ಈ ಮನೆಯ ಪದ್ಧತಿ. ಅತ್ತೆ ಚಕ್ಕನೆ ಬೆರಳು ಹಿಂದೆ ತೆಗೆದುಕೊಂಡು, ಕಣ್ಣು ಮುಚ್ಚಿಕೊಂಡೇ ನಿಂತರು.

"ಏನಕ್ಕಾ? ಆಯ್ತಾ, ಇಲ್ವಾ? ಬೋಲೋ!" ಎಂದರು ಖಾಲಾ.

ಅತ್ತೆ ಒಂದು ಕಣ್ಣು ಮಾತ್ರ ತೆರೆದು ನನ್ನನ್ನು ನೋಡಿದರು. ಸೌಟು! ಸೌಟು ಆ ಡೀಲರ್ ಮನುಷ್ಯನ ಬೆನ್ನ ಹಿಂದೆ ನೇತಾಡುತ್ತಿತ್ತು. ಸಿಕ್ಕಿದ್ದರೂ ಏನು ಬಡಿಯಲಿ? ನಲ್ಲಿಯ ನೀರಿಗೆ ಗುಳ್ಳೆ ಇಲ್ಲ, ಸದ್ದಿಲ್ಲ. ಕುದಿದಿದೆಯೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಅತ್ತೆಯ ಆ ಒಂದು ಕಣ್ಣಿನಲ್ಲಿ ಅಷ್ಟು ಹೆದರಿಕೆಯನ್ನು ನಾನು ಯಾವತ್ತೂ ನೋಡಿರಲಿಲ್ಲ. ತಲೆ ಓಡಲಿಲ್ಲ, ಬೆರಳು ಓಡಿತು. ನಾನೂ ನೀರಿನ ಕೆಳಗೆ ಹಿಡಿದೇಬಿಟ್ಟೆ.

ಸುಟ್ಟಿತು ಸ್ವಾಮಿ, ಸುಟ್ಟಿತು! ಆದರೆ ಕಿರುಚಲಿಲ್ಲ, ಯಾಕೆಂದರೆ ಆ ಉರಿಯ ನಡುವೆಯೇ ನನಗೊಂದು ಗೊತ್ತಾಗಿತ್ತು. ಇದು ಎಸರಿನ ಸುಡುವಿಕೆಯಲ್ಲ. ಎಸರು ಸುಟ್ಟರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ, ಇದು ಉಗುರಿನ ಹತ್ತಿರವೇ ನಿಂತಿತು. ಅದು ಯಾವಾಗ ಕಲಿತೆನೋ, ಯಾರು ಕಲಿಸಿದರೋ, ನನಗೇ ತಿಳಿಯದು.

"ಅತ್ತೆ, ಇನ್ನೂ ಒಸಿ ಬೇಕು, ಅಲ್ವಾ?" ಎಂದೆ. ನನ್ನ ಕಣ್ಣಲ್ಲಿ ನೀರು.

ಅತ್ತೆ ಇನ್ನೊಂದು ಕಣ್ಣನ್ನೂ ತೆರೆದರು. "ಅದ್ನೇ ಹೇಳಾನಾ ಅಂತಿದ್ದೆ. ಎಸ್ರಲ್ಲ ಇದು. ಬಾಣಂತಿ ಕಾಲಿಗೆ ಹುಯ್ಯೋ ನೀರು!"

ಡೀಲರ್ ಮನುಷ್ಯ ನಗುತ್ತಾ ಚೀಲದಿಂದ ಬಿಸಿ ಅಳೆಯುವ ಕಡ್ಡಿ ತೆಗೆದು ಹಿಡಿದರು. ಕಡ್ಡಿ ನೋಡಿದರು, ನಗು ನಿಂತಿತು. "ಎಪ್ಪತ್ತೊಂದು" ಎಂದರು. ಆಮೇಲೆ ನಮ್ಮ ಬೆರಳುಗಳನ್ನು ನೋಡಿದರು. "ದೀಪ ಬರೋವರೆಗೆ ಕಾಯಬೇಕಿತ್ತು ಸರ್" ಎಂದು ನನ್ನ ಗಂಡನಿಗೆ ಮೆಲ್ಲಗೆ ಹೇಳಿದರು.

"ಈಗೇನು, ಹಾಕ್ಸಾದಾ ಬ್ಯಾಡ್ವಾ ಅವ್ವ?" ಎಂದರು ಇವರು, ಸೋತ ಮುಖ ಮಾಡಿಕೊಂಡು.

"ನನ್ಯಾಕ್ಲಾ ಕೇಳೀಯೆ? ಇವಳ್ನ ಕೇಳು. ನೀರಿನ ಇಚಾರ ಇನ್ಮ್ಯಾಕೆ ಇವಳ್ದು."

ಇಪ್ಪತ್ತೆರಡು ವರ್ಷ ನಾನು ಕಾದಿದ್ದ ಅಧಿಕಾರ ಹೀಗೆ ದಿಢೀರನೆ ಮಡಿಲಿಗೆ ಬಿತ್ತು. ಈಗ ಒಂದು ಮಾತು ಅಂದರೆ ಸಾಕು, ನಲ್ಲಿ ನನ್ನದು. ನಾನು ಗಂಭೀರವಾಗಿ ಆ ನಲ್ಲಿಯನ್ನು ಮೇಲಿಂದ ಕೆಳಗೆ ನೋಡಿದೆ. "ಬೇಡ" ಎಂದೆ. ಅಧಿಕಾರ ಕೈಗೆ ಬಂದ ಗಳಿಗೆಯಲ್ಲೇ ಅದನ್ನು ಒಂದು ನಲ್ಲಿಗೆ ಕೊಟ್ಟುಬಿಡಲು ನನಗೇನು ಹುಚ್ಚೇ?

ಡಬ್ಬಿ ವಾಪಸ್ಸು ಹೋಯಿತು. ಗಂಡ ಅದರ ಹಿಂದೆಯೇ ರಸ್ತೆಯವರೆಗೆ ಹೋದರು. ಖಾಲಾ ಎದ್ದು ಹೊರಟವರು ಬಾಗಿಲಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, "ನಿನ್ ಸೌಟಿನ ಸದ್ದು ನಮ್ ಮನೆಗೂ ಕೇಳ್ತದೆ ಬೇಟಿ" ಎಂದರು. ನಾನು ಅತ್ತೆಯ ಕಡೆ ತಿರುಗಿ ನೋಡಿದೆ. "ಹೆದರ್ಬೇಡ. ಎರಡು ವರ್ಸದಿಂದ ನಮ್ಮನೇಲೂ ನೀರು ಕುದ್ರೆ ನನ್ ಸೊಸೆ ಬಳೆ ಆಡಿಸ್ತಾಳೆ. ಅಕ್ಕಂಗೆ ಮಾತ್ರ ಹೇಳ್ಬೇಡ, ಕಸಮ್, ನನ್ನಾಣೆ."

ನಗು ತಡೆದುಕೊಂಡು ಒಳಗೆ ಬಂದೆ. ಬೆರಳು ಕೆಂಪಗೆ ಊದಿ ಪಟಪಟ ಅನ್ನುತ್ತಿತ್ತು. ಅತ್ತೆ ನನ್ನನ್ನು ಕೂರಿಸಿ, ಬೆರಳಿಗೆ ತಣ್ಣೀರು ಬಿಟ್ಟರು. ಆಮೇಲೆ ಎಷ್ಟು ಸುಟ್ಟಿದೆ ಎಂದು ನೋಡಲು ತಮ್ಮ ಬೆರಳುಗಳಿಂದ ಅದನ್ನು ಹಿಡಿದರು. ಆ ಕಡೆ ಹಿಡಿದರು, ಈ ಕಡೆ ಹಿಡಿದರು, ಮೆಲ್ಲಗೆ ಒತ್ತಿದರು. ಅವರಿಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ನನ್ನ ಬೆರಳನ್ನು ಎತ್ತಿ ತಮ್ಮ ಕೆನ್ನೆಗೆ ಒತ್ತಿಕೊಂಡರು.

"ಅಯ್ಯೋ ಕಂದ, ಸುಡ್ತಾ ಐತಲ್ಲೇ" ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ಕಂದ ಅಂದದ್ದು ಅದೇ ಮೊದಲು. ನಾನು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಒಲೆಯ ಮೇಲೆ ಮಧ್ಯಾಹ್ನದ ಎಸರು ಕುದಿದು ಕುದಿದು ಮುಚ್ಚಳ ಕುಣಿಯುತ್ತಿತ್ತು, ಇಬ್ಬರೂ ಎದ್ದು ನೋಡಲಿಲ್ಲ.