ಕೆನ್ನೆಗೆ ಒತ್ತಿ ನೋಡುವ ಬಟ್ಟೆ

ಬೆಳಗಿನ ಐದೂವರೆ. ಕಾರು ಪಾಲಿಶ್ ಮಾಡುವ ಅಂಗಡಿಯ ಶಟರ್ ಇನ್ನೂ ಎದ್ದಿಲ್ಲ. ಹಿಂಬದಿಯ ಇಕ್ಕಟ್ಟಾದ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಿನ್ನೆ ಒಗೆದು ಹರವಿದ, ಕಾರು ಒರೆಸುವ ನವಿರೆಳೆಯ ಮೈಕ್ರೋಫೈಬರ್ ಬಟ್ಟೆಗಳನ್ನು ಹಗ್ಗದಿಂದ ಒಂದೊಂದಾಗಿ ಇಳಿಸುತ್ತಿದ್ದಾರೆ. ಒಮ್ಮೆ ಕೊಡವಿ, ಅಂಗೈಯಾಡಿಸಿ, ಆಮೇಲೆ ಕಣ್ಣು ಮುಚ್ಚಿ ಕೆನ್ನೆಗೊತ್ತಿ ನಿಧಾನವಾಗಿ ಎಳೆಯುತ್ತಾರೆ. ಒಂದು ಬಟ್ಟೆ ಅರ್ಧಕ್ಕೇ ನಿಲ್ಲುತ್ತದೆ. ದೀಪದಡಿ ಹಿಡಿದು, ಚಿಮುಟದಿಂದ ಏನನ್ನೋ ಕಿತ್ತು ತೋರಿಸುತ್ತಾರೆ. ಸಾಸಿವೆಯ ಕಾಲುಭಾಗವೂ ಇಲ್ಲದ ಮರಳಿನ ಹರಳು.

"ಅಂಗೈ ಮೋಸ ಮಾಡುತ್ತೆ. ಸೋಪಿನ ನೀರಲ್ಲಿ ನೆನೆದೂ ನೆನೆದೂ ಜಡ್ಡುಗಟ್ಟಿದೆ. ಕೆನ್ನೆ ಸುಳ್ಳು ಹೇಳಲ್ಲ," ಎನ್ನುತ್ತಾರೆ.

ಅಂಗಡಿಯಲ್ಲಿ ಎಲ್ಲರಿಗೂ ಇವರು ಬಟ್ಟೆಯಕ್ಕ. ಗಂಡ ಇದೇ ಅಂಗಡಿಯಲ್ಲಿ ಬಣ್ಣ ಹೊಡೆಯುತ್ತಿದ್ದವರು. ಉಸಿರಾಟದ ತೊಂದರೆಯಿಂದ ಹಾಸಿಗೆ ಹಿಡಿದು, ಎರಡು ವರ್ಷ ನರಳಿ ತೀರಿಕೊಂಡರು. ಮನೆಯಲ್ಲಿ ಉಳಿದವರು ಇವರು ಮತ್ತು ಅತ್ತೆ. ಗಂಡ ಹೋದ ಮೂರನೇ ವಾರಕ್ಕೆ ಬಟ್ಟೆಯಕ್ಕ ಪೊರಕೆ ಹಿಡಿದು ಈ ಅಂಗಡಿಯ ನೆಲಕ್ಕಿಳಿದರು. ಬಟ್ಟೆ ಒಗೆಯುವ ಕೆಲಸ ಆಮೇಲೆ ಬಂದದ್ದು. ಈಗ ಹನ್ನೊಂದು ವರ್ಷ.

ದಿನಕ್ಕೆ ಆರು ಕಾರು, ಕಾರೊಂದಕ್ಕೆ ಸುಮಾರು ಇಪ್ಪತ್ತು ಬಟ್ಟೆ. ರಜೆಯ ಹಿಂದಿನ ದಿನ ನೂರ ಅರವತ್ತು ದಾಟುವುದೂ ಉಂಟು. ಕಾರಿನ ಮೈ ಒರೆಸುವುದಕ್ಕೊಂದು ಬಕೆಟ್ಟು, ಸೀಟಿನದಕ್ಕೆ ಇನ್ನೊಂದು, ಚಕ್ರದ ಬಟ್ಟೆಗೆ ದೂರದ ಮೂಲೆಯಲ್ಲಿ ಮತ್ತೊಂದು. ಬಟ್ಟೆಗೆ ಹತ್ತಿದ ಪಾಲಿಶ್ ಒಣಗಿ ಗಟ್ಟಿಯಾಗುವ ಮೊದಲೇ ನೆನೆಹಾಕಬೇಕು. ನೆಲಕ್ಕೆ ಬಿದ್ದ ಬಟ್ಟೆ, ಒಗೆಯದೆ ಮತ್ತೆ ಕಾರಿನ ಮೈ ಮುಟ್ಟುವಂತಿಲ್ಲ.

"ಕೂಸಿಗೆ ಸ್ನಾನ ಮಾಡಿಸಿದ ಹಾಗೆ ಮಾಡ್ಬೇಕು. ನೀರು ಕುದೀತಿದ್ರೆ ಎಳೆ ಸುಟ್ಟು ಒರಟಾಗುತ್ತೆ. ಘಮಘಮ ಅನ್ನೋ ದ್ರಾವಣ ಹಾಕಿದ್ರೆ ನೀರು ಹೀರೋದನ್ನೇ ಬಿಟ್ಬಿಡುತ್ತೆ. ಹತ್ತಿ ಬಟ್ಟೆ ಜೊತೆ ಸೇರಿಸಿದ್ರಂತೂ ಅದರ ಜುಂಗೆಲ್ಲ ಇದಕ್ಕೇ ಅಂಟ್ಕೊಳ್ಳುತ್ತೆ."

ಇಷ್ಟು ಕಟ್ಟುನಿಟ್ಟಿನ ಹಿಂದೆ ಆರು ವರ್ಷದ ಹಿಂದಿನ ಒಂದು ಬೆಳಗಿದೆ. ಅಂದು ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅವರನ್ನು ಆಸ್ಪತ್ರೆಗೆ ಸೇರಿಸಿ ಓಡೋಡಿ ಬಂದ ಬಟ್ಟೆಯಕ್ಕ, ಅವಸರದಲ್ಲಿ ಚಕ್ರದ ಬಟ್ಟೆ, ಮೈ ಬಟ್ಟೆ ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದರು. ಮಧ್ಯಾಹ್ನ ಹೊಸ ಕಪ್ಪು ಕಾರಿನ ಬಾನೆಟ್ಟಿನ ತುಂಬ ಕೂದಲೆಳೆಯಂಥ ಗೀರುಗಳು ಎದ್ದವು.

ಬೈಗುಳ ಬಿದ್ದದ್ದು ಪಾಲಿಶ್ ಮಾಡಿದ ಹಿರಿಯರಿಗೆ. ಅವರು ಉಜ್ಜಿದ ಕಾರಿನಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು ಎಂದು ಅವರಿಗೆ ಕನ್ನಡಿಯಣ್ಣ ಎಂದೇ ಹೆಸರು. ಗಿರಾಕಿಯ ಎದುರಿಗೇ ಮಾಲೀಕರು "ನಿನಗೆ ಕಣ್ಣು ಮಂದವಾಗಿದೆ, ಮನೇಲಿರು" ಎಂದುಬಿಟ್ಟರು. ಕನ್ನಡಿಯಣ್ಣ ತಲೆ ತಗ್ಗಿಸಿ ನಿಂತರು.

ಬಟ್ಟೆಯಕ್ಕ ಒಳಗೆ ಹೋಗಿ, ಆ ಬಾನೆಟ್ಟು ಒರೆಸಿದ ಬಟ್ಟೆಯನ್ನು ಹುಡುಕಿ ತೆಗೆದರು. ಅಂಚಿನ ಹೊಲಿಗೆಯಲ್ಲಿ ಚಕ್ರದ ಕಬ್ಬಿಣದ ಪುಡಿ ಸಿಕ್ಕಿಕೊಂಡಿತ್ತು. ಅದನ್ನು ತಂದು ಮಾಲೀಕರ ಮೇಜಿನ ಮೇಲಿಟ್ಟು, "ಸಾರ್, ತಪ್ಪು ಅಣ್ಣಂದಲ್ಲ, ನಂದು," ಎಂದರು.

"ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದು ಈಗ ಹೇಳುವಾಗಲೂ ದನಿ ತಗ್ಗುತ್ತದೆ. "ಆದ್ರೆ ತುತ್ತು ಗಂಟಲಲ್ಲಿ ಇಳೀಬೇಕಲ್ಲ?"

ಮಾಲೀಕರು ಅವರ ಕೈಗೆ ಮತ್ತೆ ಪೊರಕೆ ಕೊಟ್ಟರು. ಬಟ್ಟೆಗಳು ಹೊರಗಿನ ಲಾಂಡ್ರಿಗೆ ಹೋದವು, ಬಿಸಿನೀರಿನಲ್ಲಿ ಬೆಂದು ಹಪ್ಪಳದಂತಾಗಿ ಮರಳಿದವು. ಹದಿನೈದನೇ ದಿನ ಕನ್ನಡಿಯಣ್ಣ ಪಾಲಿಶ್ ಮಿಷನ್ನನ್ನು ಕೆಳಗಿಟ್ಟರು. "ತಂಗಿ ತೊಳೆದ ಬಟ್ಟೆ ಕೈಗೆ ಬರೋತನಕ ನಾನಿದನ್ನ ಮುಟ್ಟಲ್ಲ." ಅಷ್ಟೇ ಅವರ ಮಾತು. ಸಂಜೆಯೊಳಗೆ ಬಕೆಟ್ಟುಗಳು ಬಟ್ಟೆಯಕ್ಕನ ಕೋಣೆಗೆ ವಾಪಸಾದವು. ಅಂದಿನಿಂದ ಪ್ರತಿ ಬಟ್ಟೆಯೂ ಕೆನ್ನೆ ಮುಟ್ಟಿಯೇ ಹೊರಗೆ ಹೋಗುತ್ತಿದೆ. ಬಟ್ಟೆಯಿಂದಾದ ಗೀರೊಂದೂ ಮತ್ತೆ ಕಂಡಿಲ್ಲ.

ಅತ್ತೆ ಈಗ ಕೋಲೂರಿ ನಡೆಯುತ್ತಾರೆ. ಬಾಯಿ ಮಾತ್ರ ಜೋರಾಗೇ ಇದೆ. "ಊರವರ ಕಾರೆಲ್ಲ ಹೊಳೆಸ್ತೀಯ, ನನ್ನ ಕನ್ನಡಕ ಒರೆಸೋಕೆ ನಿಂಗೆ ಪುರುಸೊತ್ತಿಲ್ಲ," ಎಂದು ದಿನಾ ಕಾಲೆಳೆಯುತ್ತಾರಂತೆ. ಸವೆದು ಮೂಲೆಗೆ ಬಿದ್ದ ಬಟ್ಟೆಯೊಂದು ಈಗ ಆ ಕನ್ನಡಕದ ಪಾಲಾಗಿದೆ.

ಗಂಟೆ ಎಂಟಾಗುತ್ತಿದೆ. ಮುಂದೆ ಶಟರ್ ಎದ್ದ ಸದ್ದು. ಮಡಿಸಿಟ್ಟ ಬಟ್ಟೆಯ ಅಟ್ಟಿಗಳನ್ನು ಮುಚ್ಚಳದ ಡಬ್ಬಿಗಳಿಗೆ ತುಂಬುತ್ತಿದ್ದ ಬಟ್ಟೆಯಕ್ಕನನ್ನು, ಮಾಲೀಕರಲ್ಲಿ ಏನಾದರೂ ಕೇಳುವುದಿದ್ದರೆ ಏನು ಕೇಳುತ್ತೀರಿ ಎಂದು ಕೇಳಿದರೆ, ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಒತ್ತಿ ಹಾಕುತ್ತಾರೆ. ಕೋಣೆಯ ಬಾಯಿಗೆ ತೂಗುಬಿಟ್ಟ ಹರಕು ಗೋಣಿಯತ್ತ ನೋಡುತ್ತಾರೆ. ಅದರ ಸಂದಿಯಿಂದ ರಸ್ತೆಯ ಧೂಳು ಒಳಗೆ ಬರುತ್ತಿದೆ.

"ಇಲ್ಲಿಗೊಂದು ಬಾಗಿಲು ಹಾಕಿಸಿಕೊಟ್ರೆ ಸಾಕು," ಎನ್ನುತ್ತಾರೆ. "ನಂಗಲ್ಲ, ಬಟ್ಟೆಗೆ."