ಬೋಜ ಕಂಡ ಎರಡು ಸರಕಾರಗಳು

ಕಾಸರಗೋಡಿನ ಕಡಲಂಚಿನ ಶಿರಿಯದ ಬೋಜ ಕುವೈತಿಗೆ ಹೋದದ್ದು ಮನೆ ಡ್ರೈವರಾಗಿ. ಅಪ್ಪ, ಅಜ್ಜ ಇಬ್ಬರೂ ದೋಣಿಯವರು. ಬೋಜನಿಗೆ ಮಾತ್ರ ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ಸ್ಟಿಯರಿಂಗ್ ಹಿಡಿದ. ಮೀಸೆ ಕಪ್ಪಗಿದ್ದಾಗ ಹೋದವನು ಅದು ಪೂರ್ತಿ ನರೆಯುವವರೆಗೂ ಒಂದೇ ಮನೆಯಲ್ಲಿ ದುಡಿದ. ಯಜಮಾನ ಅಬೂ ನಾಸರ್ ಬಾಯಿಜೋರಿನ, ಮನಸ್ಸು ಮೆತ್ತಗಿನ ಮುದುಕ. ಅವನ ಹೆಂಡತಿ ಹುದಾ ಜೋರ್ಡಾನಿನಿಂದ ಮದುವೆಯಾಗಿ ಬಂದವಳು. ತವರುದೇಶದ ಪೌರತ್ವ ಬಿಟ್ಟುಕೊಟ್ಟು ಗಂಡನ ದೇಶದ್ದನ್ನು ಪಡೆದು, ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದಳು. ಬೋಜನ ಮುರುಕು ಅರಬ್ಬಿಯನ್ನು ಕಾರಿನ ಹಿಂದಿನ ಸೀಟಿನಿಂದಲೇ ತಿದ್ದಿ ತಿದ್ದಿ ನೆಟ್ಟಗೆ ಮಾಡಿದವಳು ಅವಳೇ.

ಆ ಮನೆಗೆ ಹೊಂದಿಕೊಂಡು ಒಂದು ದಿವಾನಿಯಾ ಇತ್ತು. ಸಂಜೆಯಾದರೆ ಗಂಡಸರು ಸೇರಿ ಚಹಾ ಕುಡಿಯುತ್ತಾ ಹರಟುವ ಚಾವಡಿ ಅದು. ರಾಜನ ದೇಶವಾದರೂ ಆಗ ಅಲ್ಲಿ ಪಾರ್ಲಿಮೆಂಟು ಇತ್ತು, ಚುನಾವಣೆಯೂ ಇತ್ತು. ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂತ ಬೋಜ, ಒಂದು ಸಲ ಅಬೂ ನಾಸರ್ ಮಂತ್ರಿಯೊಬ್ಬನನ್ನೇ ಎದುರು ನಿಲ್ಲಿಸಿ ಬೈಯುವುದನ್ನು ಕೇಳಿದ. ಮಂತ್ರಿ ತಲೆತಗ್ಗಿಸಿ ಖರ್ಜೂರ ತಿನ್ನುತ್ತಿದ್ದ. ಬೋಜ ಊರಿಗೆ ಬಂದಾಗಲೆಲ್ಲ ಈ ಕಥೆ ಹೇಳಿದ್ದೇ ಹೇಳಿದ್ದು.

ಆಮೇಲೆ ಒಂದು ದಿನ ರಾಜ ಟಿವಿಯಲ್ಲಿ ಬಂದು ಪಾರ್ಲಿಮೆಂಟನ್ನು ವಿಸರ್ಜಿಸಿದ. ದಿವಾನಿಯಾಕ್ಕೆ ಜನ ಬರುವುದು ನಿಲ್ಲಲಿಲ್ಲ, ಮಾತು ಮಾತ್ರ ನಿಂತಿತು. ಫುಟ್‌ಬಾಲ್, ಮೊಣಕಾಲು ನೋವು, ಧೂಳುಗಾಳಿ, ಇಷ್ಟೇ. ಸ್ವಲ್ಪ ಸಮಯದಲ್ಲೇ ಹೊರದೇಶದಿಂದ ಮದುವೆಯಾಗಿ ಬಂದವರ ಪೌರತ್ವ ಕಿತ್ತುಕೊಳ್ಳುವ ಸುದ್ದಿಗಳು ಬರತೊಡಗಿದವು. ಇವತ್ತು ಇಂಥ ಮನೆಯ ಸೊಸೆಯದ್ದು ಹೋಯಿತಂತೆ, ನಾಳೆ ಇನ್ನೊಬ್ಬಳದ್ದು.

ಹುದಾಳದ್ದು ಹೋದದ್ದು ಗೊತ್ತಾದದ್ದು ಸಾಮಾನಿನ ಅಂಗಡಿಯಲ್ಲಿ. ಟ್ರಾಲಿ ತಳ್ಳಿಕೊಂಡು ಬೋಜ ಹಿಂದೆಯೇ ನಿಂತಿದ್ದ. ಅವಳ ಬ್ಯಾಂಕ್ ಕಾರ್ಡು ನಡೆಯಲಿಲ್ಲ. ಇನ್ನೊಮ್ಮೆ ಉಜ್ಜಿದರು, ನಡೆಯಲಿಲ್ಲ. ಅವಳು ಫೋನಿನಲ್ಲಿ ಏನನ್ನೋ ನೋಡಿದಳು, ಮಗನಿಗೆ ಕರೆ ಮಾಡಿ ಕೇಳಿದಳು. ಅನಂತರ ಟ್ರಾಲಿಯನ್ನು ತಿರುಗಿಸಿ, ತೆಗೆದಿದ್ದ ಒಂದೊಂದೇ ಸಾಮಾನನ್ನು ಅದರದರ ಜಾಗಕ್ಕೆ ಇಡುತ್ತಾ ಹೋದಳು. ತಾನು ಇಡುತ್ತೇನೆಂದು ಬೋಜ ಹೇಳಿದರೂ ಬಿಡಲಿಲ್ಲ. ಹಾಲಿನ ಡಬ್ಬ, ಅಕ್ಕಿ, ಮೊಮ್ಮಗಳ ಬಿಸ್ಕತ್ತು. ಕಾರು ಹತ್ತಿದ ಮೇಲೆ, ತಾನೀಗ ಯಾವ ದೇಶದವಳೂ ಅಲ್ಲ ಎಂದಳು. ಹೋಮ್‌ವರ್ಕ್ ಹೇಳುವ ಮೇಷ್ಟರ ದನಿಯಲ್ಲಿ ಹೇಳಿದಳು.

ಅಬೂ ನಾಸರ್ ಅರ್ಜಿ ಹಾಕಿದ, ಕಾಯುತ್ತಾ ಕೂತ. ಮಂತ್ರಿಯನ್ನು ಬೈದಿದ್ದ ಮನುಷ್ಯ ಹೆಂಡತಿಯ ವಿಷಯ ಬಂದರೆ ದಿವಾನಿಯಾದಲ್ಲಿ ಚಹಾದ ಲೋಟವನ್ನೇ ನೋಡುತ್ತಿದ್ದ. ಅವಳು ಮನೆಯಿಂದ ಹೊರಬರುವುದನ್ನು ಬಿಟ್ಟಳು. ಡ್ರೈವರಿಗೆ ಕೆಲಸವೂ ಇಲ್ಲವಾಯಿತು. ಬೋಜ ಊರಿಗೆ ಹೊರಟ ದಿನ ಹುದಾ ಅವನನ್ನು ಕರೆದು, "ನಿನ್ನ ದೇಶದಲ್ಲಿ ಕೇಳುವವರು ಇದ್ದಾರೆ ಬೋಜಾ. ನೀನು ಪುಣ್ಯವಂತ," ಎಂದಳು. ವಿಮಾನದಲ್ಲಿ ಬೋಜ ಆ ಮಾತನ್ನು ಬಂಗಾರದ ಹಾಗೆ ಕಟ್ಟಿಕೊಂಡು ಬಂದ.

ಬಂದವನನ್ನು ಕಡಲು ಎದುರುಗೊಂಡಿತು. ಆ ಮಳೆಗಾಲದಲ್ಲಿ ಅದು ದಡದ ತೆಂಗಿನಮರಗಳನ್ನು ಉರುಳಿಸಿ, ಟಾರು ರಸ್ತೆಯನ್ನು ಕಚ್ಚಿ ತೆಗೆದು, ಪಕ್ಕದ ಮನೆಯ ಬಚ್ಚಲಿನವರೆಗೆ ಬಂತು. ಇನ್ನು ಉಳಿದದ್ದು ಬೋಜನ ಮನೆ. ಅವನ ಹೆಂಡತಿ ಪ್ರಫುಲ್ಲಾ ಪಾತ್ರೆಪಗಡಿಗಳನ್ನು ಆಗಲೇ ಗೋಣಿಗೆ ತುಂಬಿಟ್ಟಿದ್ದಳು. ಬೋಜ ಬಿಚ್ಚಿಸಿದ. ಇದೇನು ರಾಜನ ದೇಶವಾ, ಕೇಳೋಣ, ಕಡಲಿಗೆ ಕಲ್ಲು ಹಾಕಿಸೋಣ ಎಂದ.

ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿದ. ಜೀವಮಾನದಲ್ಲಿ ಮೊದಲ ಸಲ ಮೈಕ್ ಹಿಡಿದದ್ದು; ಆದರೂ ಮಾತು ಬಂತು. ಎಲ್ಲ ಪಕ್ಷದವರೂ ಚಪ್ಪಾಳೆ ತಟ್ಟಿದರು. ಕಡಲಿಗೆ ಕಲ್ಲಿನ ತಡೆಗೋಡೆ ಬೇಕೆಂಬ ಠರಾವಿಗೆ ಒಬ್ಬನೂ ಬೇಡ ಎನ್ನಲಿಲ್ಲ. ಅದನ್ನು ಹಿಡಿದು ಬೋಜ ಕಾಸರಗೋಡಿನ ಕಚೇರಿಗಳನ್ನು ಸುತ್ತಿದ. ಎಲ್ಲಿಯೂ ಯಾರೂ ಗದರಲಿಲ್ಲ. ಕುರ್ಚಿ ಕೊಟ್ಟರು, ಫ್ಯಾನ್ ಹಾಕಿದರು, ಕೇಳಿಸಿಕೊಂಡರು. ಇದು ಪಂಚಾಯತಿನ ಕೆಲಸವಲ್ಲ ಎಂದರು, ಅದಕ್ಕೆ ಬೇರೆ ಇಲಾಖೆ ಉಂಟು ಎಂದರು, ಇಲಾಖೆಯವರು ತಿರುವನಂತಪುರವನ್ನು ತೋರಿಸಿದರು, ತಿರುವನಂತಪುರ ದಿಲ್ಲಿಯನ್ನು ತೋರಿಸುತ್ತದೆ ಎಂದು ಕೇಳಿ ತಿಳಿದ. ಕೊನೆಗೆ ಎಲ್ಲರೂ ಹೇಳುವುದು ಮಲಯಾಳದ ಒಂದೇ ಮಾತು: ನೋಕ್ಕಾಂ. ನೋಡುವಾ.

"ಅಲ್ಲಿ ಕೇಳಿದರೆ ಕುತ್ತಿಗೆ ಹಿಡೀತಾರೆ ಅಂತೀರಿ," ಎಂದಳು ಪ್ರಫುಲ್ಲಾ, ಒಂದು ಸಂಜೆ ಅವನಿಗೆ ಗಂಜಿ ಬಡಿಸುತ್ತಾ. "ಇಲ್ಲಿ ಕುರ್ಚಿ ಕೊಡ್ತಾರೆ. ಅದರಿಂದ ನಮಗೆ ಎಂತ ಆಯಿತು?"

ಬೋಜ ಅವಳ ಮೇಲೆ ರೇಗಿದ. ಚುನಾವಣೆ ಬರಲಿ ಎಂದ.

ಡಿಸೆಂಬರಿನಲ್ಲಿ ಪಂಚಾಯತು ಚುನಾವಣೆ ಬಂತು. ಇಷ್ಟು ವಯಸ್ಸಾದರೂ ಅವನು ಮತ ಹಾಕಿದವನಲ್ಲ; ಪ್ರತಿ ಸಲ ಕುವೈತಿನಲ್ಲೇ ಇರುತ್ತಿದ್ದ. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬೆಳಗ್ಗೆಯೇ ಹೋಗಿ ಸಾಲಿನಲ್ಲಿ ನಿಂತ. ಶಾಯಿ ಹಚ್ಚಿದ ಬೆರಳಿನ ಚಿತ್ರವನ್ನು ಹುದಾಳಿಗೆ ಕಳಿಸಿದ. ಮಬ್ರೂಕ್, ಅಭಿನಂದನೆ, ಎಂದು ಅವಳ ಉತ್ತರ ಬಂತು. ವಾರ್ಡಿನಲ್ಲಿ ನಿಂತ ಮೂವರು ಅಭ್ಯರ್ಥಿಗಳೂ ತಡೆಗೋಡೆಯನ್ನೇ ಹೇಳಿ ಮತ ಕೇಳಿದ್ದರು. ಗೆದ್ದವಳು ದೀಕ್ಷಿತಾ. ಬೋಜನ ಗೆಳೆಯನ ಮಗಳು, ಅವನು ಎತ್ತಿ ಆಡಿಸಿದ ಹುಡುಗಿ, ಅವನು ಮತ ಹಾಕಿದ್ದೂ ಅವಳಿಗೇ.

ಅವಳು ಮೋಸಗಾರ್ತಿಯಾಗಿದ್ದರೆ ಬೋಜನಿಗೆ ಬೈಯಲಿಕ್ಕಾದರೂ ಆಗುತ್ತಿತ್ತು. ಹಾಗಿರಲಿಲ್ಲ. ಅವಳು ಅವನ ಜೊತೆ ಅದೇ ಕಚೇರಿಗಳಿಗೆ ಬಂದಳು, ಅದೇ ಕುರ್ಚಿಗಳಲ್ಲಿ ಕೂತಳು. ತಿರುಗಿ ಬರುವಾಗ ಕುಂಬಳೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ ಅವಳ ಕಣ್ಣು ತುಂಬಿತ್ತು.

"ನನ್ನ ಕೈಯಲ್ಲಿ ಎಂತ ಉಂಟು ಬೋಜಣ್ಣ?" ಎಂದಳು. "ದಾರಿದೀಪ ಉಂಟು. ದಾರಿಯೇ ಹೋದರೆ ನಾನು ದೀಪ ಎಲ್ಲಿ ಹಾಕಲಿ?"

ಬೋಜನಿಗೆ ಆಗ, ಎಂದೂ ಬಾರದ ಯೋಚನೆಯೊಂದು ಬಂತು. ಒಬ್ಬ ರಾಜ ಇದ್ದು, ಒಂದು ಮಾತು ಹೇಳಿದ್ದರೆ ನಾಳೆಯೇ ಕಲ್ಲು ಬೀಳುತ್ತಿತ್ತಲ್ಲ ಎಂದು. ಕೂಡಲೇ ಟ್ರಾಲಿಯ ಮುಂದೆ ಬಗ್ಗಿ ನಿಂತ ಹುದಾಳ ಬೆನ್ನು ಕಣ್ಣಿಗೆ ಕಟ್ಟಿ, ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಮಳೆ ಬರುವ ಮೊದಲೇ, ಬಿರುಬೇಸಗೆಯಲ್ಲಿ, ಗಾಳಿಯಿಲ್ಲದ ಒಂದು ಮಧ್ಯಾಹ್ನ ಕಡಲು ಉಬ್ಬಿ ಬಂತು. ಅಡಿಗೆಮನೆಯ ಗೋಡೆ ಮೊದಲು ಹೋಯಿತು, ಆಮೇಲೆ ಹಿಂದಿನ ಕೋಣೆ. ಪ್ರಫುಲ್ಲಾ ಗೋಣಿಗಳನ್ನು ಈ ಸಲ ಅವನನ್ನು ಕೇಳದೆ ಕಟ್ಟಿದ್ದಳು. ದೀಕ್ಷಿತಾ ತಾನೇ ನಿಂತು ಸಾಮಾನು ಹೊತ್ತಳು. ಅಧಿಕಾರಿಗಳೂ ಬಂದರು, ಫೋಟೋ ತೆಗೆದರು, ಬೋಜನ ಹೆಗಲ ಮೇಲೆ ಕೈಯಿಟ್ಟರು.

ಈಗ ಗಂಡಹೆಂಡತಿ ಕುಂಬಳೆ ಸ್ಟೇಶನ್ನಿನ ಹಿಂದೆ ಬಾಡಿಗೆ ಕೋಣೆಯಲ್ಲಿದ್ದಾರೆ. ಬೋಜ ಶಾಲೆಯ ವ್ಯಾನ್ ಓಡಿಸುತ್ತಾನೆ. ಕಲ್ಲು ಹಾಕಿದರಾ ಎಂದು ಹುದಾ ಧ್ವನಿಸಂದೇಶ ಕಳಿಸಿದ್ದಳು. ಅವಳ ಅರ್ಜಿ ಇನ್ನೂ ಅಲ್ಲೇ ಉಂಟಂತೆ. ಬೋಜ ಆ ಸಂದೇಶವನ್ನು ಎರಡು ಸಲ ಕೇಳಿ ಫೋನು ಮಗುಚಿಟ್ಟ. ಗ್ರಾಮಸಭೆಗೆ ಬನ್ನಿ ಎಂದು ದೀಕ್ಷಿತಾ ಫೋನು ಮಾಡಿದಾಗ ಕಾಲುನೋವು ಎಂದ.

ಮಧ್ಯಾಹ್ನ ವ್ಯಾನ್ ನಿಲ್ಲಿಸುವ ಜಾಗದಲ್ಲಿ ರಿಕ್ಷಾದವರ ಚರ್ಚೆ ನಡೆಯುತ್ತಿರುತ್ತದೆ. ನಮ್ಮ ದೇಶಕ್ಕೆ ರಾಜನೇ ಸರಿ ಎನ್ನುವವನೊಬ್ಬ, ಓಟೇ ದೊಡ್ಡದು ಎನ್ನುವವನೊಬ್ಬ. ಮೊನ್ನೆ ಅವರಲ್ಲಿ ಪುರಂದರನೆಂಬವನು ವ್ಯಾನಿನ ಕಿಟಕಿಗೆ ಬಂದು, "ಬೋಜಣ್ಣ, ನೀವು ಎರಡನ್ನೂ ಕಂಡವರು. ಯಾವುದು ಒಳ್ಳೆಯದು, ಹೇಳಿ ಮಾರಾಯ್ರೆ," ಎಂದ.

ಶಾಲೆ ಬಿಡಲು ಹೊತ್ತಾಯಿತು ಎಂದು ಬೋಜ ಗಾಡಿ ಸ್ಟಾರ್ಟ್ ಮಾಡಿದ. ಶಾಲೆ ಬಿಡಲು ಇನ್ನೂ ಬಹಳ ಹೊತ್ತಿತ್ತು.