ಯಾವೂರವ್ವ ನೀನು?

ಹೆಗ್ಗಡದೇವನಕೋಟೆಯ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಹುಡುಗಿಯರಿಗೆ ರೋಗಿಯ ಮನಸ್ಸು ಅರಿಯುವ ತರಬೇತಿ ನಡೆದಿತ್ತು. ಅದರ ಪರೀಕ್ಷೆಗೆ ಅಂಕ ಕೊಡಲು ನನ್ನನ್ನು ಕರೆಸಿದ್ದರು. ಅಂಥದ್ದನ್ನೆಲ್ಲ ಕಲಿಸಬಹುದೆಂದು ನಾನು ನಂಬಿರಲಿಲ್ಲ. ರೋಗಿಯೆದುರು ತಮ್ಮ ಸ್ವಂತ ವಿಷಯ ಎತ್ತಬಾರದು ಎಂಬುದು ಅಲ್ಲಿನ ಮೊದಲ ನಿಯಮ.

ಹಿಂದಿನ ಸಲ ಇದೇ ಪರೀಕ್ಷೆಯಲ್ಲಿ ಫೇಲಾಗಿದ್ದ ಸುಧಾ, ಸಿರಿಂಜ್ ಹಿಡಿದು ಒಬ್ಬ ಅಜ್ಜಿಯ ಪಕ್ಕ ಕೂತಳು. "ನಿಮ್ಮ ಭಯ ನನಗೆ ಅರ್ಥವಾಗುತ್ತದೆ" ಎಂದು ಕಲಿತದ್ದನ್ನು ಒಪ್ಪಿಸಿದಳು.

ಅಜ್ಜಿ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಅದಿರ್ಲಿ, ಯಾವೂರವ್ವ ನೀನು? ಯಾರ ಮಗ್ಳು?"

"ನಂದು ಬಿಡಿ ಅಜ್ಜಿ, ನಿಮ್ಮ ವಿಷಯ ಹೇಳಿ."

"ಊರೇ ಗೊತ್ತಿಲ್ದೋಳ ಕೈಲಿ ನಾನು ಚುಚ್ಚಿಸ್ಕೊಳಾಕಿಲ್ಲ ಕಣವ್ವ."

ಸುಧಾ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

"ಹೊಸ ಅಗ್ರಹಾರ, ಅಜ್ಜಿ. ನಂಗೂ ಸೂಜಿ ಅಂದ್ರೆ ಭಯ."

"ಅಂಗನ್ನು ಮತ್ತೆ. ನಮ್ ಸೊಸೆ ತವರೂರು."

ತೋಳು ಹೊರಬಂತು. ಸೊಸೆಯ ಮೇಲಿನ ದೂರು ಮುಗಿಯುವ ಮೊದಲೇ ಇಂಜೆಕ್ಷನ್ ಮುಗಿದಿತ್ತು.

ನಿಯಮ ಮುರಿದವಳಿಗೆ ಪೂರ್ತಿ ಅಂಕ ಬರೆದುಕೊಟ್ಟೆ. ಅಜ್ಜಿ ನನ್ನತ್ತ ಕೈ ತೋರಿಸಿದಳು. "ಆಗ್ಲಿಂದ ಮಕ ಗಂಟಾಕ್ಕೊಂಡು ನಿಂತವ್ನಲ್ಲ ಪಾಪ, ಅವನ್ಗೇನು ಕಾಯ್ಲೆಯವ್ವ?"

ವಾರ್ಡೆಲ್ಲ ನಕ್ಕಿತು. ಸುಧಾ ಮಾತ್ರ ನಗದೆ ನನಗೊಂದು ಸ್ಟೂಲು ಎಳೆದು, "ಕೂತ್ಕೊಳ್ಳಿ ಸಾರ್, ಯಾವೂರು ನಿಮ್ದು?" ಎಂದಳು.

ಅಂಕಗಳ ಹಾಳೆ ಆಗಲೇ ಅವಳ ಕೈಯಲ್ಲಿತ್ತು; ಅಂಕಕ್ಕಾಗಿ ಕೇಳುವ ಅಗತ್ಯವಿರಲಿಲ್ಲ.